ಮರಿಲಿಂಗಮ್ಮ ಒತ್ತಿದ ಹಸಿರು ಬಟನ್

ಮರಿಲಿಂಗಮ್ಮನ ಕಂಪ್ಯೂಟರಿನಲ್ಲಿ ಅರೆಬಟ್ಟೆಯ ಹೆಂಗಸೊಬ್ಬಳು ಕಾಣಿಸಿಕೊಂಡದ್ದು ಸೋಮವಾರ ಬೆಳಿಗ್ಗೆ. ಅದೂ ಅಂಬ್ರಪ್ಪ ಬಂದು ಬೆನ್ನ ಹಿಂದೆ ನಿಂತಿದ್ದಾಗ.

ಅಂಬ್ರಪ್ಪ ಊರಿನ ಹಿರಿಯ, ಸಂಘದ ಹಳೆಯ ಸದಸ್ಯ. ಕಾಲುವೆಗೆ ನೀರು ಬಿಡುವ ದಿನ ಹತ್ತಿರ ಬಂದಿತ್ತು. ಯಾರ ಹೊಲಕ್ಕೆ ಯಾವ ದಿನ, ಎಷ್ಟು ತಾಸು ನೀರು ಎಂದು ಬರೆದ ಪಟ್ಟಿಗೆ ಆ ಕಡೆ ಪಾಳಿ ಪಟ್ಟಿ ಎನ್ನುತ್ತಾರೆ. ಅದರಲ್ಲಿ ತನ್ನ ದಿನ ಯಾವುದೆಂದು ಕೇಳಲು ಅವನು ರಂಗಂಪೇಟೆಯ ಆಚೆ ಕಾಲುವೆ ದಂಡೆಯ ಮೇಲಿದ್ದ ನೀರು ಬಳಕೆದಾರರ ಸಂಘದ ಆಫೀಸಿಗೆ ಬಂದಿದ್ದ. ಮರಿಲಿಂಗಮ್ಮ ಮೇಲ್ ನೋಡಲೆಂದು ಇಂಟರ್ನೆಟ್ ತೆರೆದಳು. ಮೂಲೆಯಲ್ಲಿ ಆ ಹೆಂಗಸು ನಕ್ಕಳು. ಅವಳನ್ನು ಮುಚ್ಚಿದರೆ ಇನ್ನೊಬ್ಬಳು ಬಂದಳು. ಅವಳ ಕೆಳಗೆ, ನಿಮಗೆ ಬಹುಮಾನ ಬಂದಿದೆ ಎಂಬ ಡಬ್ಬಿಯೊಂದು ಕುಣಿಯತೊಡಗಿತು.

"ಇದೇನ್ ಹಚ್ಚೀಯಬೇ ಮರಿಲಿಂಗಮ್ಮ?"

"ನಾ ಹಚ್ಚಿಲ್ರಿ ಮಾವ. ಅದು ತಾನ ಬರಾಕತ್ತದ."

"ತಾನ ಬರಾಕ ಅದೇನ್ ಸುಳಿಗಾಳಿ ಏನು? ಬಾಗಿಲ ತೆರೆದಿಟ್ರನ ನಾಯಿ ಒಳಗ ಬರ್ತದ."

ಅವನು ಪಾಳಿ ಕೇಳುವುದನ್ನೇ ಮರೆತು ಹೊರಟುಹೋದ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ರಸ್ತೆಯ ಚಹಾದ ಹೋಟೆಲಿಗೆ ಮುಟ್ಟಿ, ಅಲ್ಲಿಂದ ಸಂಘದ ಅಧ್ಯಕ್ಷ ತಾಯಪ್ಪನ ಕಿವಿಗೂ ಬಿತ್ತು. ತಾಯಪ್ಪ ಕೆಟ್ಟ ಮನುಷ್ಯನಲ್ಲ, ಆದರೆ ನಾಲ್ಕು ಜನ ಆಡಿದ ಮಾತಿಗೆ ಅಂಜುವವನು. ಸಂಜೆಗೆ ಫೋನ್ ಮಾಡಿದ.

"ನೋಡಬೇ, ಗುರುವಾರ ಎಲ್ಲಾರ ಮುಂದ ಪಟ್ಟಿ ತೋರ್ಸೂದದ. ಅಷ್ಟರಾಗ ಅದು ಸುದ್ದ ಆಗ್ಲಿಲ್ಲಂದ್ರ ಕಂಪ್ಯೂಟರ್ ಬ್ಯಾರೆಯವ್ರ ಕೈಗೆ ಕೊಡಬೇಕಾಗ್ತದ. ನೀ ಮೊದ್ಲಿನಂಗ ಬರೇ ಕಸ ನೀರು ನೋಡ್ಕೊಂಡಿರು."

ಆಕೆ "ಹೂನ್ರಿ" ಎಂದಳು.

ಕಸ ನೀರು ಆಕೆಗೆ ಹೊಸದೇನಲ್ಲ. ಹದಿನಾಲ್ಕು ವರ್ಷ ಇದೇ ಆಫೀಸಿನಲ್ಲಿ ಕಸ ಹೊಡೆದು, ಕೊಡ ತುಂಬಿಟ್ಟವಳು. ಆಕೆಯ ಅಪ್ಪ ನಾರಾಯಣಪುರದ ಕಡೆ ಕಾಲುವೆ ಅಗೆಯಲು ಹೋದವನು, ಅಗೆದಾದ ಮೇಲೆ ಅದೇ ಕಾಲುವೆಯ ಗೇಟು ಕಾಯುವ ಕೆಲಸಕ್ಕೆ ನಿಂತ. ಮಗಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ಆದರೂ ನೀರಿನ ಮಟ್ಟ ತೋರಿಸುವ ಕಲ್ಲಿನ ಮೇಲಿನ ಅಂಕಿಗಳನ್ನು ಅಪ್ಪನಿಗಿಂತ ಮೊದಲು ಓದಿ ಕೂಗುತ್ತಿದ್ದಳು. ಮದುವೆಯಾದ ಮೇಲೆ ಗಂಡನಿಗೆ ಯಾದಗಿರಿಯ ಬೇಳೆ ಮಿಲ್ಲಿನಲ್ಲಿ ಕೆಲಸ. ಅವನು ವಾರಕ್ಕೊಮ್ಮೆ ಬರುವವನು. ಉಳಿದ ದಿನಗಳು ಆಕೆಗೆ ಆಫೀಸಿನ ಜೊತೆಗೇ ಕಳೆಯುತ್ತಿದ್ದವು.

ಸಂಘಕ್ಕೆ ಕಂಪ್ಯೂಟರ್ ಬಂದಾಗ ಅದರ ಮೇಲೊಂದು ಟವೆಲ್ ಹೊದಿಸಿ ಇಟ್ಟಿದ್ದರು. ಆಗಿನ ಕಾರ್ಯದರ್ಶಿಗೆ ಅದನ್ನು ಮುಟ್ಟಲು ಭಯ. ದಿನಾ ಟವೆಲ್ ಝಾಡಿಸಿ ಧೂಳು ಒರೆಸುತ್ತಿದ್ದವಳು ಮರಿಲಿಂಗಮ್ಮ. ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ಮನಸ್ಸಿನಲ್ಲೇ ಕೈಮುಗಿದು, ಒಂದೊಂದೇ ಅಕ್ಷರ ಹುಡುಕಿ 'ಮೌನಪ್ಪಯ್ಯ' ಎಂದು ಒತ್ತಿದಳು. ಅರ್ಧ ತಾಸು ಹಿಡಿಯಿತು. ತಿಂಥಣಿಯ ಮೌನಪ್ಪಯ್ಯ ಆಕೆಯ ಮನೆದೇವರು. ಆಮೇಲೆ ಸದಸ್ಯರ ಹೆಸರುಗಳನ್ನು ಒತ್ತಿದಳು, ಆಮೇಲೆ ಸರ್ವೆ ನಂಬರುಗಳನ್ನು. ಕಾರ್ಯದರ್ಶಿ ಕೆಲಸ ಬಿಟ್ಟು ಹೋದಾಗ, ಬೇರೆ ಯಾರಿಗೂ ಬಾರದ್ದರಿಂದ ಆ ಕುರ್ಚಿ ಆಕೆಗೇ ಬಂತು, ಕಸ ನೀರಿನ ಕೆಲಸವೂ ಆಕೆಗೇ ಉಳಿಯಿತು. ಮೂರು ವರ್ಷದಿಂದ ಆಕೆ ಅದರಲ್ಲಿ ತುದಿಗೇ ಕೂರುತ್ತಿದ್ದಳು, ಬೆನ್ನು ಆನಿಸದೆ.

ಈ ಹೆಂಗಸು ಎಲ್ಲಿಂದ ಬಂದಳೆಂಬುದು ಮರಿಲಿಂಗಮ್ಮನಿಗೆ ಒಳಗೊಳಗೇ ಗೊತ್ತಿತ್ತು. ಹಿಂದಿನ ಶುಕ್ರವಾರ ಸರ್ಕಾರದ ಕಾಲುವೆ ಆಫೀಸಿನಿಂದ ಪಾಳಿ ಪಟ್ಟಿ ಮೇಲಿನಲ್ಲಿ ಬಂದಿತ್ತು. ಅವರದು ಹಳೆಯ ತರಹದ ಕನ್ನಡ ಅಕ್ಷರ. ಸಂಘದ ಕಂಪ್ಯೂಟರಿಗೆ ಅದು ಓದಲು ಬರದೆ, ಇಂಗ್ಲಿಷ್ ಅಕ್ಷರ ಮತ್ತು ಏನೇನೋ ಚಿಹ್ನೆಗಳನ್ನು ರಾಶಿ ಸುರಿದಂತೆ ತೋರಿಸಿತು. ಹಳೆಯ ಅಕ್ಷರವನ್ನು ಹೊಸದಕ್ಕೆ ಬದಲಿಸುವ ಪುಕ್ಕಟೆ ಸಾಫ್ಟ್‌ವೇರ್ ಸಿಗುತ್ತದೆಂದು ಯಾರೋ ಹೇಳಿದ್ದು ನೆನಪಾಗಿ ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಒಂದು ಪುಟದಲ್ಲಿ ಅಂಗೈಯಗಲದ ಹಸಿರು ಬಟನ್ ಮಿಂಚುತ್ತಿತ್ತು. ಒತ್ತಿದಳು. ನೆಕ್ಸ್ಟ್ ಎಂದಿತು, ಒತ್ತಿದಳು. ಒಪ್ಪಿಗೆಯೇ ಎಂದಿತು, ಅದಕ್ಕೂ ಒತ್ತಿದಳು. ಯಾವ ಆಫೀಸಿಗೆ ಹೋದರೂ ತೋರಿಸಿದ ಕಡೆ ಸಹಿ ಮಾಡಿ ಅಭ್ಯಾಸವಾದ ಕೈ ಅದು. ಪಟ್ಟಿ ಚೆಂದದ ಕನ್ನಡವಾಯಿತು. ಸಂತೋಷಕ್ಕೆ ಮನೆಗೆ ಹೋಗಿ ದೇವರ ಮುಂದೆ ಸಕ್ಕರೆ ಇಟ್ಟಿದ್ದಳು. ಒಬ್ಬ ಬೀಗನನ್ನು ಕರೆದಿದ್ದಕ್ಕೆ, ಕರೆಯದ ಮೂವರು ಅವನ ಹಿಂದೆ ಬಂದಿದ್ದು ಆಗ ತಿಳಿಯಲಿಲ್ಲ.

ಮಂಗಳವಾರ ಜೈತುನಬೀ ಬಂದಳು. ಕಾಲುವೆಯ ಕಟ್ಟಕಡೆಗೆ ಎರಡು ಎಕರೆ ಹೊಲ ಇರುವವಳು. ನೀರು ತನ್ನ ತನಕ ಬರುತ್ತದೋ ಇಲ್ಲವೋ ಎಂದು ದಿನಾ ಕೇಳಲು ಬಂದು, ಕೇಳಿಯಾದ ಮೇಲೂ ಕೂತಿರುವವಳು.

"ಅಕ್ಕಾ, ನಂಗ ಕಂಪ್ಯೂಟರ್ ತಿಳಿಯಂಗಿಲ್ಲ, ನಿನ್ನ ಮಾರಿ ತಿಳೀತದ. ರೊಟ್ಟಿ ಗಂಟು ಬಿಚ್ಚೇ ಇಲ್ಲಲ್ಲ."

"ಶಹಾಪುರಕ್ಕ ಒಯ್ದು ರಿಪೇರಿ ಮಾಡಿಸ್ಲೇನು ಅಂತ ಮಾಡೀನಿ."

"ಒಯ್ಯಿ. ಗೋಣಿಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಕುಂದ್ರು. ಅಂಬ್ರಪ್ಪ ಹೇಳಿದ್ದು ಖರೇ ಅಂತ ಊರಿಗೆ ಡಂಗುರ ಹೊಡೆದಂಗ ಆತದ."

ಅದು ನಿಜವೆನಿಸಿತು. ಮರಿಲಿಂಗಮ್ಮ ಯಾಕೂಬಸಾಬನಿಗೆ ಫೋನ್ ಹಚ್ಚಿದಳು. ಶಹಾಪುರದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನೇ ಈ ಕಂಪ್ಯೂಟರನ್ನು ಜೋಡಿಸಿ ಕೊಟ್ಟಿದ್ದ.

"ಫಾರ್ಮ್ಯಾಟ್ ಹೊಡಿಯೂದೇ ಅಕ್ಕಾ," ಎಂದ ಅವನು. "ಎಲ್ಲಾ ಸಾಫ್ ಆತದ."

"ಪಟ್ಟಿ? ಸದಸ್ಯರ ಹೆಸರು? ಮೂರು ವರ್ಷದ ಪಾಳಿ?"

"ಅದೂ ಸಾಫ್."

"ಕಸ ಬೆಳದದಂತ ಹೊಲಕ್ಕ ಬೆಂಕಿ ಹಚ್ತಾರೇನ್ರಿ?"

ಯಾಕೂಬಸಾಬ ನಕ್ಕ. "ಹಂಗಾದ್ರ ಕೂತು ಒಂದೊಂದ ಕೀಳಬೇಕು. ಮೊದ್ಲ ಖರೇ ಹೇಳ್ರಿ, ಯಾವತ್ತು ಏನ್ ಒತ್ತಿದ್ರಿ? ನನ್ನ ಅಂಗಡಿಗಿ ಬರೋರು ಎಲ್ಲಾರೂ, ನಾ ಏನೂ ಒತ್ತಿಲ್ಲ ಅಂತಾರ. ಮೌಸಿಗಿ ಏನ್ ಕಾಲ ಅದಾವೇನು, ತಾನ ಓಡ್ಯಾಡಾಕ?"

ಜೈತುನಬೀ ಎದುರಿಗೇ ಕೂತಿದ್ದಳು. ಆದರೂ ಮರಿಲಿಂಗಮ್ಮ ಹಸಿರು ಬಟನ್ನಿನ ಕತೆಯನ್ನು ಮೊದಲಿನಿಂದ ಹೇಳಿದಳು.

"ಶುಕ್ರವಾರ ಅಂದ್ರಿ? ಬಸ್, ಅರ್ಧ ಕೆಲ್ಸ ಆತು," ಎಂದ ಅವನು.

ಅವನು ಹೇಳಿದಂತೆ, ಕಂಪ್ಯೂಟರಿನೊಳಗೆ ಹಾಕಿದ ಪ್ರೋಗ್ರಾಮುಗಳ ಪಟ್ಟಿ ತೆರೆದು, ಅದನ್ನು ತಾರೀಕಿನ ಪ್ರಕಾರ ಜೋಡಿಸಿದಳು. ಶುಕ್ರವಾರದ ಹೆಸರಿನಲ್ಲಿ ನಾಲ್ಕು ಇದ್ದವು. ಒಂದು ಅಕ್ಷರ ಬದಲಿಸುವುದು. ಇನ್ನು ಮೂರು ಆಕೆಗೆ ಗುರುತೇ ಇಲ್ಲದವು. ಒಂದು ರಿಯಾಯಿತಿ ಕೂಪನ್ ಕೊಡುವುದಂತೆ, ಒಂದು ಕಂಪ್ಯೂಟರಿನ ವೇಗ ಹೆಚ್ಚಿಸುವುದಂತೆ, ಇನ್ನೊಂದು ಏನು ಮಾಡುವುದೆಂದು ಅದರ ಹೆಸರಿನಿಂದಲೂ ತಿಳಿಯಲಿಲ್ಲ. ಮೊದಲನೆಯದನ್ನು ತೆಗೆಯಹೋದರೆ ಅಳುಮೋರೆಯ ಚಿತ್ರ ಬಂತು. ನನ್ನನ್ನು ಇಟ್ಟುಕೊಳ್ಳಿ ಎಂಬ ಬಟನ್ ದೊಡ್ಡದು, ಬಣ್ಣದ್ದು. ತೆಗೆಯಿರಿ ಎಂಬುದು ಮೂಲೆಯಲ್ಲಿ ಬೂದಿ ಬಣ್ಣದ ಸಣ್ಣ ಅಕ್ಷರ. ಆಕೆ ಕನ್ನಡಕ ಸರಿಮಾಡಿಕೊಂಡು ಬೂದಿ ಬಣ್ಣದ್ದನ್ನೇ ಹುಡುಕಿ ಒತ್ತಿದಳು.

"ಅಳಾಕತ್ತದಲ್ಲಬೇ," ಎಂದಳು ಜೈತುನಬೀ.

"ಅಳ್ಲಿ. ನಾ ಎರಡು ದಿನ ಅತ್ತೀನಿ."

ಮೂರೂ ಹೋದವು. ಆಮೇಲೆ ಇಂಟರ್ನೆಟ್ ನೋಡುವ ಎರಡು ಬ್ರೌಸರುಗಳು. ಎರಡರಲ್ಲೂ ತಾನು ಹಾಕದೆಯೇ ಬಂದು ಸೇರಿದ್ದ, ಎಕ್ಸ್‌ಟೆನ್ಶನ್ ಎಂಬ ಜೋಡಣೆಗಳನ್ನು ಕಿತ್ತಳು. ತೆರೆದ ಕೂಡಲೇ ಬರುವ ಪುಟವನ್ನು ಮೊದಲಿನದಕ್ಕೆ ಬದಲಿಸಿದಳು, ಹುಡುಕುವ ಜಾಗವನ್ನೂ ಸರಿಮಾಡಿದಳು. ಯಾಕೂಬಸಾಬ ನಡುವೆ ನಮಾಜಿಗೆ ಹೋಗಿ ಬಂದು ಮತ್ತೆ ಫೋನ್ ಹಿಡಿದ. ಸಂಜೆ ಕಂಪ್ಯೂಟರ್ ಮುಚ್ಚಿ ಮನೆಗೆ ಹೋದಾಗ ಆಕೆಗೆ ಹಸಿವಾಗಿತ್ತು.

ಬುಧವಾರ ಬೆಳಿಗ್ಗೆ ಬಂದು ಚಾಲೂ ಮಾಡಿ ಬ್ರೌಸರ್ ತೆರೆದಳು. ಅದೇ ಹೆಂಗಸು, ಅದೇ ನಗು.

ಮರಿಲಿಂಗಮ್ಮ ಎದ್ದು ಹೊರಗೆ ಹೋಗಿ ಕಾಲುವೆಯ ದಂಡೆಯ ಮೇಲೆ ನಿಂತಳು. ನೀರು ಇನ್ನೂ ಬಿಟ್ಟಿರಲಿಲ್ಲ. ತಳದಲ್ಲಿ ಒಣ ಹುಲ್ಲು, ಮೇಯುತ್ತಿದ್ದ ಎರಡು ಆಡು. ಅಪ್ಪ ಗೇಟು ಕಾಯುತ್ತಿದ್ದಾಗಿನ ಒಂದು ಬೆಳಗು ಆಕೆಗೆ ಕಣ್ಣಿಗೆ ಕಟ್ಟಿತು. ಗೇಟು ಬಿಗಿಯಾಗಿ ಮುಚ್ಚಿತ್ತು, ಆದರೂ ಕೆಳಗಿನ ಹೊಲದಲ್ಲಿ ನೀರು ನಿಂತಿತ್ತು. ಸಾಹೇಬರು ಬಂದು ಗೇಟನ್ನೇ ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದರು. ಅಪ್ಪ ಗೇಟಿನ ಗೋಜಿಗೇ ಹೋಗದೆ, ಗೇಟಿಗೂ ಹೊಲಕ್ಕೂ ನಡುವಿನ ದಂಡೆಯುದ್ದಕ್ಕೂ ತಲೆ ಬಗ್ಗಿಸಿ ನಡೆದ. ಹುಲ್ಲಿನ ಮರೆಯಲ್ಲಿ ಯಾರೋ ಒಂದು ಪೈಪು ಹೂತಿದ್ದರು.

ಆಕೆ ಸರಸರ ಒಳಗೆ ಬಂದು ಫೋನ್ ಹಚ್ಚಿದಳು.

"ಯಾಕೂಬಸಾಬರ, ಈ ಸಣ್ಣ ಚಿತ್ರದ ಮ್ಯಾಲ ಒತ್ತಿದ್ರ ಬ್ರೌಸರ್ ತೆರೀತದಲ್ಲ, ಒತ್ತೂದಕ್ಕೂ ತೆರಿಯೂದಕ್ಕೂ ನಡುವ ಏನರ ಅದ ಏನ್ರಿ?"

"ಅಕ್ಕಾ, ಅದು ಬರೇ ದಾರಿ ತೋರ್ಸೂ ಚೀಟಿ. ಶಾರ್ಟ್‌ಕಟ್. ಮೌಸಿನ ಬಲಗಡೆ ಒತ್ತಿ, ಕಡೀ ಸಾಲು ಪ್ರಾಪರ್ಟೀಸ್ ಅಂತ ಇರ್ತದ, ತೆಗೀರಿ. ಟಾರ್ಗೆಟ್ ಅನ್ನೂ ಕಡೆ ಏನ್ ಬರ್ದಾರ ಓದ್ರಿ."

ಆಕೆ ಒಂದೊಂದೇ ಅಕ್ಷರ ಓದಿದಳು. ಬ್ರೌಸರಿನ ಹೆಸರು ಮುಗಿದ ಮೇಲೆ ಸಾಲು ಅಲ್ಲಿಗೇ ನಿಲ್ಲಬೇಕಿತ್ತು, ನಿಂತಿರಲಿಲ್ಲ. ಅದರ ಬಾಲಕ್ಕೆ ಯಾವುದೋ ಜಾಹೀರಾತು ಪುಟದ ವಿಳಾಸ ಅಂಟಿಕೊಂಡಿತ್ತು. ಎರಡೂ ಬ್ರೌಸರುಗಳ ಚಿತ್ರಕ್ಕೂ ಅದೇ ಬಾಲ. ಎರಡು ಬಾಲವನ್ನೂ ಅಳಿಸಿದಳು. ಮತ್ತೆ ತೆರೆದಾಗ ಬಿಳಿ ಪುಟ ಬಂತು, ತೊಳೆದ ಅಂಗಳದಂತೆ. ಮುಚ್ಚಿ ತೆರೆದಳು, ಕಂಪ್ಯೂಟರನ್ನೇ ಆರಿಸಿ ಚಾಲೂ ಮಾಡಿ ತೆರೆದಳು. ಬಿಳಿ ಪುಟವೇ. ಯಾಕೂಬಸಾಬ ಇಂಥ ಕಸ ಹುಡುಕುವ ಒಂದು ಪ್ರೋಗ್ರಾಮಿನ ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದ. ಎಲ್ಲೂ ಹುಡುಕದೆ, ಮಾಡಿದವರ ಸ್ವಂತ ಪುಟಕ್ಕೇ ಹೋಗಿ ಅದನ್ನು ಇಳಿಸಿಕೊಂಡು ಓಡಿಸಿದಳು. ಇನ್ನೂ ಹನ್ನೊಂದು ಚೂರುಗಳು ಸಿಕ್ಕವು, ಅವೂ ಹೋದವು. ಪಟ್ಟಿಯನ್ನು ಒಂದು ಪೆನ್ ಡ್ರೈವಿಗೂ ಹಾಕಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.

"ಅಕ್ಕಾ, ಆ ಚೀಟಿ ಮಾತು ನನಗ ಲಗು ಹೊಳೀತಿರ್ಲಿಲ್ಲ ನೋಡ್ರಿ," ಎಂದ ಯಾಕೂಬಸಾಬ. ಆಕೆ ಆ ದಿನ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಗುರುವಾರ ಹತ್ತು ಗಂಟೆಗೆ ಆಫೀಸು ತುಂಬಿತು. ಒಳಗೆ ಜಾಗ ಸಾಲದೆ ಕೆಲವರು ಕಿಟಕಿಗೆ ನಿಂತರು. ಪಾಳಿ ನೋಡಲು ಬಂದವರೆಷ್ಟೋ, ಆ ಹೆಂಗಸನ್ನು ನೋಡಲು ಬಂದವರೆಷ್ಟೋ. ಮರಿಲಿಂಗಮ್ಮ ಕಂಪ್ಯೂಟರ್ ಚಾಲೂ ಮಾಡಿ, ಇಂಟರ್ನೆಟ್ ತೆರೆದು, ಪಕ್ಕಕ್ಕೆ ಸರಿದು ನಿಂತಳು. ಯಾರೂ ಬರಲಿಲ್ಲ.

ತಾಯಪ್ಪನಿಗೆ ನಿರಾಳವಾಯಿತು. "ಕರೆಂಟ್ ಹೆಚ್ಚುಕಮ್ಮಿ ಆಗಿ ಹಂಗ ಆಗಿತ್ತಂತ ತಿಳೀರಿ. ಈಗ ಸುದ್ದ ಆಗ್ಯದ. ಮುಂದಿಂದು ನೋಡೂನು," ಎಂದ.

ಮಾತು ಅಲ್ಲಿಗೇ ಮುಗಿಯಬಹುದಿತ್ತು. ತಲೆಯಾಡಿಸಿದರೆ ಸಾಕಿತ್ತು. ಮರಿಲಿಂಗಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಕರೆಂಟಲ್ರಿ. ನಾನ ಒತ್ತೀನಿ. ಹಳೀ ಅಕ್ಷರ ಬದ್ಲಿ ಮಾಡಾಕ ಹೋಗಿ, ಏನ್ ಬರ್ದಾರ ಓದದನ ಹಸರು ಬಟನ್ ಒತ್ತಿದೆ. ಅದರ ಹಿಂದ ಅಕಿ ಬಂದ್ಲು. ನೋಡಾಕಂತ ನಾ ಕರೆದಿಲ್ಲ, ಆದ್ರ ತಪ್ಪು ನಂದ. ಹೆಂಗ ತೆಗದೆ ಅನ್ನೂದೂ ಹೇಳ್ತೀನಿ, ಬೇಕಾದ್ರ."

ಕಿಟಕಿಯ ಹತ್ತಿರ ಯಾರೋ ಕೆಮ್ಮಿದರು. ಆಗ ಅಂಬ್ರಪ್ಪ ಅಂಗಿಯ ಕಿಸೆಗೆ ಕೈ ಹಾಕಿ ಫೋನ್ ತೆಗೆದು, ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಮುಂದೆ ಬಂದ.

"ಅಕಿ ಇದರಾಗೂ ಬರ್ತಾಳಬೇ," ಎಂದ ಮೆಲ್ಲಗೆ. ಆದರೆ ಎಲ್ಲರಿಗೂ ಕೇಳಿಸಿತು.

"ಎಂದಿಂದ ಮಾವ?"

"ಹೋಳಿ ಹುಣ್ವಿಯಿಂದ."

ಮೊದಲು ನಕ್ಕವಳು ಜೈತುನಬೀ. "ಆರು ತಿಂಗ್ಳಾತು ಕಾಕಾ, ರೇಷನ್ ಕಾರ್ಡಿಗರ ಹೆಸ್ರು ಹಚ್ಚಬೇಕಿಲ್ಲ ಅಕಿದು?"

ಆಫೀಸು ನಕ್ಕಿತು, ಅಂಬ್ರಪ್ಪನೂ ನಕ್ಕ. ನಗುವಿನ ಮರೆಯಲ್ಲೇ ಇನ್ನೂ ಮೂರು ಫೋನುಗಳು ಕಿಸೆಗಳಿಂದ ಹೊರಬಂದವು. ಅಂಬ್ರಪ್ಪ ನಗು ನಿಲ್ಲುವ ತನಕ ಕಾದು, ತಾಯಪ್ಪನ ಕಡೆ ತಿರುಗಿದ.

"ಬ್ಯಾರೆಯವ್ರ ಕೈಗೆ ಕೊಟ್ರ, ಅವ್ರು ನಾ ಒತ್ತಿಲ್ಲ ಅಂತಾರ. ಇಕಿ ಕಡೆನ ಇರ್ಲಿ."

"ನಾನೂ ಅದ ಅನ್ನಾಕತ್ತಿದ್ದೆ," ಎಂದ ತಾಯಪ್ಪ, ಅನ್ನದೇ ಇದ್ದವನು. "ಕಸ ನೀರಿಗೆ ಇನ್ನೊಬ್ಬರನ್ನ ನೋಡೂನು. ಎರಡೂ ಕೆಲ್ಸ ಒಬ್ಬಾಕಿಗೆ ಯಾಕ?"

"ನೀರಿಗೆ ನೋಡ್ರಿ," ಎಂದಳು ಮರಿಲಿಂಗಮ್ಮ. "ಈ ಕ್ವಾಣ್ಯಾಗಿನ ಕಸ ನಾನ ಹೊಡೀತೀನಿ. ಬ್ಯಾರೆಯವ್ರು ವೈರ್ ಜಗ್ಗತಾರ."

ಆಮೇಲೆ ಆಕೆ ಕುರ್ಚಿಯಲ್ಲಿ ಕೂತಳು. ಈ ಸಲ ಪೂರ್ತಿ ಹಿಂದೆ ಸರಿದು, ಬೆನ್ನು ಆನಿಸಿ. ಪಟ್ಟಿ ತೆರೆದು, ಕಾಲುವೆಯ ಕಟ್ಟಕಡೆಯ ಹೊಲದಿಂದ ಶುರುಮಾಡಿ, ಒಂದೊಂದೇ ಹೆಸರು ಓದತೊಡಗಿದಳು.