ನಾಯಕಿಗೆ ಕವಚ ಹೊಲಿದದ್ದು

ನನ್ನ ಕಂಪ್ಯೂಟರ್ ಆಟದ ನಾಯಕಿಗೆ ಕವಚ ಮಾಡಿಕೊಟ್ಟವರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ಶತ್ರುಗಳ ಸಭ್ಯತೆಯ ಮೇಲೆ ಅಪಾರ ನಂಬಿಕೆ ಇದ್ದಿರಬೇಕು. ಭುಜಕ್ಕೆ ಉಕ್ಕು, ಮಂಡಿಗೆ ಉಕ್ಕು, ಎದೆಗೆ ಎರಡು ಬಟ್ಟಲು, ಹೊಟ್ಟೆಗೆ ಮಾತ್ರ ಬರೀ ಗಾಳಿ. ಕತ್ತಿ ಎತ್ತಿಕೊಂಡು ಬಂದ ರಾಕ್ಷಸ ಮರ್ಯಾದೆಯಿಂದ ಮಂಡಿಗೇ ಹೊಡೆದು ಹೋಗುತ್ತಾನೆ ಅಂತ ಅವರ ಲೆಕ್ಕ. ಸೊಂಟವೋ ನನ್ನ ತೋಳಿನಷ್ಟು. ಆ ಸೊಂಟ ಇಟ್ಟುಕೊಂಡು ಅವಳು ಡ್ರ್ಯಾಗನ್ ಕೊಲ್ಲುತ್ತಿದ್ದಳು. ನಾನಾಗಿದ್ದರೆ ಅವಳನ್ನು ಕೂರಿಸಿ ಮೊದಲು ಊಟ ಹಾಕುತ್ತಿದ್ದೆ.

ನಾನು ಕುಶಾಲನಗರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಮೂವತ್ತು ದಾಟಿದ, ಮದುವೆಯಾಗದ, ದಪ್ಪಗಿನ ಕಂಪ್ಯೂಟರ್ ಟೀಚರ್ ಎಂದು ವಾಕ್ಯವನ್ನು ಪೂರ್ತಿ ಮಾಡಲು ನೆಂಟರಿದ್ದಾರೆ. ಭಾನುವಾರ ಮಧ್ಯಾಹ್ನ ಈ ಆಟ ಆಡುತ್ತೇನೆ. ಮಾಡಿದವರು ಕೆಡಿಸಿಟ್ಟದ್ದನ್ನು ಆಡುವವರೇ ತಿದ್ದಿಕೊಳ್ಳಲು ಇದರಲ್ಲಿ ಅವಕಾಶವುಂಟು. ಅದಕ್ಕೆ ಮಾಡ್ ಎನ್ನುತ್ತಾರೆ. ಹೋದ ವರ್ಷ ನಾನೂ ಒಂದು ಮಾಡ್‌ಗೆ ಕೈ ಹಾಕಿದೆ. ನನ್ನದೇ ಒಂದು ಎದುರಿನ ಫೋಟೊ, ಒಂದು ಪಕ್ಕದ ಫೋಟೊ ಇಟ್ಟುಕೊಂಡು ನಾಯಕಿಯ ಮೈಯನ್ನು ಉಬ್ಬಿಸುತ್ತಾ ಹೋದೆ. ಮೈ ಬಹಳ ಸುಲಭವಾಗಿ ಉಬ್ಬಿತು. ನನಗೆ ಅದರ ಅನುಭವ ಇದ್ದೇ ಇದೆ.

ಕಷ್ಟ ಬಂದದ್ದು ಕವಚದಲ್ಲಿ. ನನಗೆ ಬೇಕಿದ್ದದ್ದು ಒಂದೇ: ನನ್ನಂಥ ಮೈಯವಳೊಬ್ಬಳು ಮೈತುಂಬ ತೊಟ್ಟು, ಎರಡೂ ಕೈ ಎತ್ತಿ, ಏನೂ ಹರಿಯದೆ ನಿಲ್ಲಬೇಕು. ಇಷ್ಟು ಸಣ್ಣ ಆಸೆಗೆ ಕಾರಣವಿತ್ತು. ಚಿಕ್ಕಪ್ಪನ ಮಗನ ಮದುವೆಯಲ್ಲಿ ಅಕ್ಷತೆ ಹಾಕಲು ಕೈ ಎತ್ತಿದಾಗ ನನ್ನ ರವಿಕೆ ಕಂಕುಳಲ್ಲಿ ಪರ್ ಎಂದು ಹರಿದಿತ್ತು. ಗಟ್ಟಿಮೇಳದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ, ಆದರೆ ವಿಡಿಯೋದವನು ಬಿಡಲಿಲ್ಲ. ಅಂದಿನಿಂದ ಯಾರ ಮದುವೆ ಬಂದರೂ ಶಾಲೆಯಲ್ಲಿ ನನಗೆ ಅರ್ಜೆಂಟ್ ಕೆಲಸ ಬಂದುಬಿಡುತ್ತಿತ್ತು. ಮಾಡ್ ಶುರುಮಾಡುವ ಹೊತ್ತಿಗೆ ಅದೇ ಚಿಕ್ಕಪ್ಪನ ಮಗಳ ಮದುವೆ ತಿಂಗಳೊಪ್ಪತ್ತಿನಲ್ಲಿತ್ತು. ರವಿಕೆ ಹೊಲಿಯಲಾ ಎಂದು ಅಮ್ಮ ದಿನಾ ಕೇಳುವುದು, ನಾನು ಬರಲ್ಲ ಎನ್ನುವುದು ನಡೆದಿತ್ತು.

ಆ ಹರಿದ ರವಿಕೆ ಹೊಲಿದವಳೂ ಅಮ್ಮನೇ. ಅವಳು ಟೈಲರ್. ನಮ್ಮ ಮುಂದಿನ ಕೋಣೆಯೇ ಅಂಗಡಿ. ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮವರಿಗಿಂತ ಕೊಡವರ ಹೆಂಗಸರಲ್ಲೇ ಅವಳಿಗೆ ಹೆಸರು ಹೆಚ್ಚು. ಅವರ ಮದುವೆಗಳಲ್ಲಿ ವಾಲಗ ಶುರುವಾದರೆ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಕೈ ಮೇಲೆತ್ತಿ ಕುಣಿಯುವವರೇ. ಅದಕ್ಕೇ ಅಮ್ಮ ಅವರನ್ನು ಕನ್ನಡಿಯ ಮುಂದೆ ಕೈ ಎತ್ತಿಸಿ, ಎರಡು ಹೆಜ್ಜೆ ಕುಣಿಸಿ, ಆಮೇಲಷ್ಟೇ ಕಂಕುಳಿನ ಅಳತೆ ತೆಗೆಯುತ್ತಾಳೆ. ಅವಳು ಹೊಲಿದ ರವಿಕೆ ಯಾವ ವಾಲಗಕ್ಕೂ ಹರಿದದ್ದಿಲ್ಲ. ಹರಿದದ್ದು ಸ್ವಂತ ಮಗಳದ್ದು ಮಾತ್ರ. ಅಂಗಡಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಕೆ?

ಆಟದ ಗಂಡು ಸೈನಿಕರಿಗಿದ್ದ ಮೈಮುಚ್ಚುವ ಕವಚವೊಂದನ್ನು ತಂದು, ಮೊದಲ ಸಲ ಅದನ್ನು ಇಡಿಯಾಗಿ ಒಂದೇ ಸಮ ಹಿಗ್ಗಿಸಿದೆ. ಕುತ್ತಿಗೆಪಟ್ಟಿ ಮೇಲೆ ಬಂದು ಬಾಯಿ ಮುಚ್ಚಿತು, ತೋಳು ಬೆರಳು ದಾಟಿತು, ಬೂಟು ನೆಲದೊಳಗೆ ಇಳಿಯಿತು. ಕಾಫಿ ತಂದ ಅಮ್ಮ ಪರದೆಯ ಮುಂದೆ ನಿಂತಳು. ಈ ಕೆಲಸದಲ್ಲಿ ಗೊಂಬೆ ಎರಡೂ ಕೈ ಅಗಲಿಸಿಕೊಂಡೇ ನಿಂತಿರುತ್ತದೆ.

"ಯಾರೇ ಇವ್ಳು, ಅಳತೆಗೆ ನಿಂತವ್ಳಲ್ಲ?"

"ನಾನೇ."

"ಇಷ್ಟು ದಪ್ಪ ಎಲ್ಲಿದ್ದೀಯ ನೀನು," ಎಂದಳು. ಆಮೇಲೆ ಟೈಲರ್ ಆಗಿ ನೋಡಿದಳು. "ಹಂಗೆ ರಬ್ಬರ್ ಎಳ್ದಂಗೆ ಎಳೀಬಾರ್ದು ಕಣೆ. ಕತ್ತು, ಭುಜ ಇದ್ದಂಗೇ ಇರ್ಲಿ. ಎದೆ, ಕಂಕ್ಳು, ಸೊಂಟ, ಅಲ್ಲಿ ಬಿಡು. ಕೈ ಎತ್ಸಿ ನೋಡು."

ಹಾಗೇ ಮಾಡಿದೆ. ಅಂದಾಜು ಬೇಡವೆಂದು ಅಂಗಡಿಯ ಅಳತೆ ಪುಸ್ತಕ ತೆಗೆದು, ನನ್ನ ಹಾಳೆಯ ಒಂದೊಂದು ಅಂಕಿಯನ್ನೂ ಕವಚಕ್ಕೆ ಹಾಕಿದೆ. ಎದೆ ನಲವತ್ತು. ನಾಯಕಿ ಸುಮ್ಮನೆ ನಿಂತಾಗ ಕಷ್ಟಪಟ್ಟು ಉಸಿರು ಹಿಡಿದವಳಂತಿದ್ದಳು. ಕತ್ತಿ ಎತ್ತಿದ ಕೂಡಲೇ ಉಕ್ಕನ್ನು ತೂರಿಕೊಂಡು ಕಂಕುಳಿನ ಮಾಂಸ ಆಚೆ ಬಂತು. ಮದುವೆ ಮನೆಯಲ್ಲಿ ಹರಿದ ಜಾಗವೇ. ಎರಡು ವಾರ ತಪ್ಪು ಹುಡುಕಿದೆ. ಸಾಫ್ಟ್‌ವೇರನ್ನು ಬೈದೆ, ಹಳೇ ಕಂಪ್ಯೂಟರನ್ನು ಬೈದೆ, ಫೋಟೊದಲ್ಲಿ ಹೊಟ್ಟೆ ಒಳಗೆ ಎಳೆದುಕೊಳ್ಳದೆ ನಿಂತ ನನ್ನನ್ನು ಬೈದೆ.

ಕೊನೆಗೆ ಇಂಟರ್‌ನೆಟ್ಟಿನ ಒಬ್ಬ ಪಂಡಿತನನ್ನು ಕೇಳಿದೆ. ಕವಚದ ಒಳಗಿರುವ ಮೈಯನ್ನು ಅಳಿಸಿಬಿಡಿ, ಎಲ್ಲರೂ ಮಾಡುವುದು ಅದನ್ನೇ, ಹೇಗೂ ಕಾಣುವುದಿಲ್ಲ ಎಂದು ಬರೆದ. ಎಂಥ ಉಪಾಯ! ಜಿಮ್ಮಿಲ್ಲ, ರಾಗಿ ಗಂಜಿಯಿಲ್ಲ. ಅಳಿಸಿದೆ. ಆಟಕ್ಕೆ ಹೋಗಿ ಅವಳಿಂದ ಕತ್ತಿ ಎತ್ತಿಸಿದೆ. ಕಂಕುಳಿನ ಸಂದಿಯಲ್ಲಿ ನೋಡಿದರೆ ಒಳಗೆ ಯಾರೂ ಇಲ್ಲ. ಅವಳ ಮೈಯ ಮೂಲಕ ಹಿಂದಿನ ಬೆಟ್ಟ ಕಾಣುತ್ತಿತ್ತು.

ಅದನ್ನು ನೋಡಿ ಯಾಕೋ ನಗು ಬರಲಿಲ್ಲ, ಹೆದರಿಕೆಯಾಯಿತು. ಅಳಿಸಿದ ಮೈಯನ್ನು ವಾಪಸ್ ತಂದೆ. ಅಂಗಡಿಯ ಟೇಪು ತಂದು ನನ್ನ ಎದೆಗೇ ಸುತ್ತಿಕೊಂಡೆ. ನಲವತ್ತನಾಲ್ಕು.

ಅಳತೆ ಪುಸ್ತಕವನ್ನು ಮತ್ತೆ ತೆಗೆದೆ. ಅಮ್ಮ ಯಾವ ಪುಸ್ತಕವನ್ನೂ ಬಿಸಾಡುವವಳಲ್ಲ, ಹತ್ತು ವರ್ಷದವು ಅಲ್ಲೇ ಇದ್ದವು. ಎಲ್ಲರ ಅಂಕಿಗಳೂ ವರ್ಷದಿಂದ ವರ್ಷಕ್ಕೆ ದಾಕ್ಷಿಣ್ಯವಿಲ್ಲದೆ ಏರಿದ್ದವು. ನಾನೊಬ್ಬಳೇ ಕಾಲೇಜು ಬಿಟ್ಟಂದಿನಿಂದ ನಲವತ್ತರಲ್ಲಿ ಕಲ್ಲಿನಂತೆ ಕೂತಿದ್ದೆ. ದಿನನಿತ್ಯಕ್ಕೆ ರೆಡಿಮೇಡ್ ಕುರ್ತಾ ತೊಡುವ ನನಗೆ ಅಮ್ಮ ಹೊಲಿಯುತ್ತಿದ್ದದ್ದು ಮದುವೆ ರವಿಕೆಗಳನ್ನು ಮಾತ್ರ, ಅದೂ ಹಳೇ ಅಳತೆ ಇದೆಯಲ್ಲ ಎಂದು ಟೇಪು ಹಿಡಿಯದೆ. ಇಡೀ ಊರಿಗೆ ನಿಜ ಬರೆಯುವವಳು ನನಗೊಬ್ಬಳಿಗೆ ಸುಳ್ಳು ಬರೆದಿದ್ದಳು. ಸಿಟ್ಟು ನೆತ್ತಿಗೇರಿತು.

ಪುಸ್ತಕ ಹಿಡಿದು ಮುಂದಿನ ಕೋಣೆಗೆ ಹೋದೆ. ಮಾದಾಪುರದಿಂದ ಬರುವ ಕೊಡವ ಆಂಟಿಯೊಬ್ಬರು ರವಿಕೆ ತೆಗೆದುಕೊಳ್ಳಲು ಬಂದು ಕೂತಿದ್ದರು. ಇರಲಿ ಅಂದುಕೊಂಡೆ. ವಿಡಿಯೋದಲ್ಲೇ ಬಂದವಳಿಗೆ ಇನ್ನೇನು ನಾಚಿಕೆ.

"ಅಮ್ಮ, ನಂದು ನಲವತ್ತನಾಲ್ಕು. ಇದ್ಯಾಕೆ ನಲವತ್ತು?"

ಅಮ್ಮ ಮಿಷಿನ್ ನಿಲ್ಲಿಸಿದಳು. ಸುಳ್ಳು ಹೇಳಲು ನೋಡಿದಳು, ಪುಸ್ತಕದಷ್ಟು ಸಲೀಸಾಗಿ ಬಾಯಿಂದ ಬರಲಿಲ್ಲ.

"ಬರುದ್ಬುಟ್ರೆ ಅದೇ ನಿಂತೋಗುತ್ತೆ ಅನ್ಸೋದು ಕಣೆ," ಎಂದಳು. "ಬರೀದೆ ಇದ್ರೆ ಇಳೀತೀಯ ಅಂತ. ನೋಡಕ್ಕೆ ಬಂದೋರು ಒಬ್ಬೊಬ್ರೂ ಅಂದೋಗಿದ್ದು ನಂಗೂ ಕೇಳಿಸ್ತಿತ್ತಲ್ಲ."

ಅಮ್ಮ ಅದನ್ನೆಲ್ಲ ಅಷ್ಟು ವರ್ಷ ಕೇಳಿಸಿಕೊಂಡಿದ್ದಳು ಎಂದು ನನಗೆ ಹೊಳೆದೇ ಇರಲಿಲ್ಲ. ಎತ್ತಿ ಹಿಡಿದಿದ್ದ ಪುಸ್ತಕವನ್ನು ಕೆಳಗಿಳಿಸಿದೆ. ಆಂಟಿಯೇ ಮಾತಾಡಿದರು.

"ಎಂತ ಮಾರಾಯ್ತಿ, ನಂದು ನಲವತ್ತಾರು. ನಾನು ಡ್ಯಾನ್ಸ್ ಬಿಟ್ಟಿದ್ದೀನಾ?"

ಅಮ್ಮ ಎದ್ದು ಟೇಪು ಕುತ್ತಿಗೆಗೆ ಹಾಕಿಕೊಂಡಳು. ಬಾ ಎಂದು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಕೈ ಎತ್ತು ಎಂದಳು. ಎತ್ತಿದೆ. ಕುಣಿ ಎಂದಳು. ನಮ್ಮ ಮನೆತನದಲ್ಲಿ ಯಾರೂ ಕುಣಿದವರಿಲ್ಲ. ಆಂಟಿ ಕೂತಲ್ಲೇ ಕೈ ಎತ್ತಿ ತೋರಿಸಿಕೊಟ್ಟರು, ಎರಡು ಹೆಜ್ಜೆ ಹಾಕಿದೆ. ಅಮ್ಮನ ಎರಡೂ ಕೈ ನನ್ನ ಬೆನ್ನ ಹಿಂದೆ ಹೋಗಿ, ಟೇಪು ಹಿಡಿದು, ನಿಧಾನವಾಗಿ ಮುಂದೆ ಬಂದವು.

"ನಲವತ್ನಾಲ್ಕು. ಬರ್ಕೊ," ಎಂದಳು ಗಟ್ಟಿಯಾಗಿ. ಅವಳ ಕೈಯಲ್ಲಿ ಟೇಪು ಇದ್ದದ್ದರಿಂದ ಪೆನ್ಸಿಲ್ ನನ್ನ ಕೈಗೆ ಬಂತು.

ಬರೆದೆ. ಅಮ್ಮ ಕನ್ನಡಕ ಏರಿಸಿಕೊಂಡು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡಳು. ನಾನು ನಲವತ್ತೆರಡು ಎಂದು ಬರೆದಿದ್ದೆ. ಅವಳು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ನಲವತ್ತನಾಲ್ಕು ಎಂದು ದೊಡ್ಡದಾಗಿ ಬರೆದು, ಮದುವೆಯ ರವಿಕೆ ಬಟ್ಟೆ ಹರವಿ, ಕತ್ತರಿ ಎತ್ತಿಕೊಂಡಳು.