ಅತ್ತೆ ಓಡಿದ ವರ್ಷ, ನಾನು ಕಾರು ಕಲಿತ ವರ್ಷ

ಅತ್ತೆಯ ಎರಡೂ ಹೆಬ್ಬೆರಳ ಉಗುರುಗಳು ಕಪ್ಪಗಿದ್ದವು. ಒಂದು ಬಿದ್ದು ಹೊಸದು ಹುಟ್ಟುವಷ್ಟರಲ್ಲಿ ಇನ್ನೊಂದು ಕಪ್ಪಾಗುತ್ತಿತ್ತು. ಮದುವೆಗೋ ತಿಥಿಗೋ ಹೋದರೆ ಹೆಂಗಸರು ಅವಳ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದರು. ಕಾಲುಂಗುರ ಇಲ್ಲದ್ದು ಒಂದು ಕಾರಣ, ಉಗುರು ಇನ್ನೊಂದು.

"ಏನ್ ತಾಯಿ, ಕಲ್ಲು ಗಿಲ್ಲು ಬಿತ್ತಾ?"

"ಇಲ್ಲಕ್ಕ, ಓಡ್ತೀನಲ್ಲ, ಶೂ ಒತ್ತುತ್ತೆ."

ಅಷ್ಟು ಹೇಳಿ ಊಟಕ್ಕೆ ಕೂತುಬಿಡುತ್ತಿದ್ದಳು. ಎಲೆಯ ಮುಂದೆ ಕೂತಾಗಲೂ ಅವಳ ಕಣ್ಣು ಅರ್ಧ ಮುಚ್ಚಿರುತ್ತಿತ್ತು.

ಅವಳು ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಹೊಸಕೋಟೆ ಕಡೆಯ ಗಂಡನ ಮನೆ ಬಿಟ್ಟು ಬಂದವಳು ಮತ್ತೆ ಹೋಗಲಿಲ್ಲ. ಬೂದಿಗೆರೆಯಿಂದ ಒಳಗಿರುವ ನಮ್ಮ ಊರಿನಲ್ಲಿ, ನಮ್ಮ ಮನೆಯಲ್ಲೇ ಇದ್ದಳು. ವಿಮಾನ ನಿಲ್ದಾಣದ ಬಳಿಯ ಗೋದಾಮೊಂದರಲ್ಲಿ ಕೆಲಸ. ಅಲ್ಲಿ ಕೆಲಸಗಾರರಿಗೆ ಅಂತ ಒಮ್ಮೆ ಓಟದ ಪಂದ್ಯ ಇಟ್ಟರು. ಸೀರೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡಿದ ಇವಳು ಎಲ್ಲರಿಗಿಂತ ಮುಂದೆ ಬಂದಳು. ಆಮೇಲೆ ನಿಲ್ಲಿಸಲೇ ಇಲ್ಲ. ನಲವತ್ತು ದಾಟುವ ಹೊತ್ತಿಗೆ, ಬೆಂಗಳೂರಿನಲ್ಲಿ ನಡೆಯುವ ಪೂರ್ತಿ ಮ್ಯಾರಥಾನ್ ಓಡಬೇಕು ಅಂತ ಹಟ ಹಿಡಿದಿದ್ದಳು.

ಅದೇ ವರ್ಷ ನಾನು ಪಿಯುಸಿ ಮುಗಿಸಿದೆ. ಅದೇ ವರ್ಷ ಅಪ್ಪನ ಕಣ್ಣು ಮಂಜಾಯಿತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಕ್ಕೆ ಹೋಗಿದೆ, ತಪ್ಪದೆ ಬಂದು ಚಿಕಿತ್ಸೆ ಮಾಡಿಸಿಕೊಳ್ಳಬೇಕು, ತಪ್ಪಿಸಿದರೆ ಉಳಿದದ್ದೂ ಹೋಗುತ್ತೆ ಅಂದರು ಡಾಕ್ಟರು. ಜೀವಮಾನವೆಲ್ಲ ಬಾಡಿಗೆ ಕಾರು ಓಡಿಸಿದ ಮನುಷ್ಯ ಈಗ ಪ್ರತಿ ಸಲವೂ ಯಾರದೋ ಮನೆ ಬಾಗಿಲಲ್ಲಿ ನಿಂತು "ಸ್ವಲ್ಪ ಆಸ್ಪತ್ರೆಗೆ ಬಿಡ್ತೀಯಾ?" ಅಂತ ಕೇಳಬೇಕಾಯಿತು. ಮೂರನೇ ಸಲ ಕೇಳುವ ಬದಲು ಹೋಗದೆ ಮನೆಯಲ್ಲೇ ಕೂತ. ಅಮ್ಮ ಬೈದಳು, ಅತ್ತಳು. ಅತ್ತೆ ಬೈಯಲಿಲ್ಲ. ನನ್ನನ್ನು ಕರೆದು, "ನಾಳೆ ಎಲ್ ಬೋರ್ಡಿಗೆ ಅರ್ಜಿ ಹಾಕು. ನಾನು ಕಲಿಸ್ತೀನಿ" ಅಂದಳು. ಮನೆಯಲ್ಲಿ ಅಪ್ಪನನ್ನು ಬಿಟ್ಟರೆ ಲೈಸೆನ್ಸ್ ಇದ್ದದ್ದು ಅವಳಿಗೊಬ್ಬಳಿಗೇ. ಆದರೆ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಾಡಲು ಅವಳಿಗೆ ರಜೆ ಎಲ್ಲಿತ್ತು?

ಆ ದಿನಗಳಲ್ಲಿ ಅವಳಿಗೆ ಎರಡನೇ ಶಿಫ್ಟು. ಮನೆ ಸೇರುವಾಗ ನಾವೆಲ್ಲ ಮಲಗಿರುತ್ತಿದ್ದೆವು. ಬೆಳಕು ಹರಿಯುವ ಮೊದಲೇ ಎದ್ದು ಕೆರೆ ಏರಿಯ ಮೇಲೆ ಓಡಿ ಬರುತ್ತಿದ್ದಳು. ಬೆವರು ಆರುವ ಮುಂಚೆ ಅಪ್ಪನ ಕಾರಿನ ಬೀಗದ ಕೈ ತಗೊಂಡು ಹೊರಗೆ ನಿಂತಿರುತ್ತಿದ್ದಳು. ನನಗೆ ಗಾಡಿ ಕಲಿಸಿ, ಒಂದು ಮುದ್ದೆ ಉಂಡು, ಸ್ವಲ್ಪ ಒರಗಿ, ಮತ್ತೆ ಕೆಲಸಕ್ಕೆ ಹೊರಡುವುದು.

ಊರಾಚೆ ಸೈಟು ಮಾರಲು ಮಾಡಿದ ಲೇಔಟ್ ಒಂದಿತ್ತು. ಹಿಂದೆ ರಾಗಿ ಹೊಲವಾಗಿದ್ದ ಜಾಗ. ಒಳ್ಳೆ ಟಾರು ರಸ್ತೆ, ದೀಪದ ಕಂಬ ಎಲ್ಲ ಇದ್ದವು, ಮನೆ ಮಾತ್ರ ಒಂದೂ ಇರಲಿಲ್ಲ. ಅಲ್ಲೇ ನನ್ನ ಪಾಠ. ಕ್ಲಚ್ಚು ನನಗೆ ಹತ್ತಲೇ ಇಲ್ಲ. ಗಾಡಿ ಜಿಗಿಯುವುದು, ಆರುವುದು, ಮತ್ತೆ ಜಿಗಿಯುವುದು. ಅತ್ತೆ ಕಿಟಕಿಗೆ ತಲೆ ಆನಿಸಿಕೊಂಡು, ದನಿ ಏರಿಸದೆ, "ಇನ್ನೊಂದ್ಸಲ" ಅನ್ನುತ್ತಿದ್ದಳು.

ಹೀಗೆ ದಿನ ಕಳೆದಂತೆ ಅವಳ ಉದ್ದದ ಓಟಗಳು ಕೈತಪ್ಪತೊಡಗಿದವು. ವಾರಕ್ಕೊಮ್ಮೆ ಬಹಳ ದೂರ ಓಡಲೇಬೇಕಂತೆ, ಇಲ್ಲದಿದ್ದರೆ ಮೈ ಪಳಗುವುದಿಲ್ಲವಂತೆ. ಒಂದು ಭಾನುವಾರ ಅವಳು ಅಪ್ಪನನ್ನೂ ಕರೆತಂದು ನನ್ನ ಪಕ್ಕ ಕೂರಿಸಿದಳು.

"ನಾನು ಮುಂದೆ ಓಡ್ತೀನಿ. ನೀನು ಹಿಂದೆ ಬಾ. ಹತ್ರನೂ ಬರ್ಬೇಡ, ದೂರನೂ ಉಳೀಬೇಡ. ಅಣ್ಣ, ನೀನು ಹ್ಯಾಂಡ್ ಬ್ರೇಕ್ ಹಿಡ್ಕೊಂಡಿರು."

"ನಂಗೆ ಕಣ್ಣು ಕಾಣ್ಸಲ್ವಲ್ಲೇ" ಅಂದ ಅಪ್ಪ.

"ಕಿವಿ ಕೇಳ್ಸುತ್ತಲ್ಲ."

ಆ ಖಾಲಿ ಲೇಔಟ್ ಸುತ್ತ ಅತ್ತೆ ಓಡಿದಳು, ನಾನು ಅವಳ ಹಿಂದೆ ಕಾರನ್ನು ತೆವಳಿಸಿದೆ. ಅಪ್ಪ ಕಿವಿ ನಿಮಿರಿಸಿಕೊಂಡು, "ಈಗ ಕಾಲು ಸಡಿಲ ಬಿಡು... ಇಂಜಿನ್ ಅಳ್ತಾ ಇದೆ, ಒತ್ತು... ಹಾಂ" ಅನ್ನುತ್ತಿದ್ದ. ಬಹಳ ದಿನದ ಮೇಲೆ ಅವನ ದನಿಯಲ್ಲಿ ಹುರುಪು ಕೇಳಿದೆ. ಬಿಸಿಲು ಏರುವ ಹೊತ್ತಿಗೆ ನನ್ನ ಎಡಗಾಲಿಗೆ ಕ್ಲಚ್ಚು ತಿಳಿದಿತ್ತು. ಅತ್ತೆ ಒಂದು ದೀಪದ ಕಂಬ ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು.

ಇನ್ನೊಂದು ಬೆಳಿಗ್ಗೆ ಮೊದಲ ಸಲ ನನ್ನನ್ನು ದೇವನಹಳ್ಳಿ ರಸ್ತೆಗೆ ಇಳಿಸಿದಳು. ಕಲ್ಲು ತುಂಬಿದ ಲಾರಿಗಳು, ಕೆಲಸದವರನ್ನು ಹೊತ್ತ ಬಸ್ಸುಗಳು. ನಾನು ಸ್ಟೀರಿಂಗ್ ಬಿಗಿಯಾಗಿ ಹಿಡಿದು, "ಅತ್ತೆ, ಲಾರಿ ದಾಟ್ಲಾ?" ಅಂದೆ. ಒಂದು ಗಳಿಗೆ ತಿರುಗಿ ನೋಡಿದರೆ ಬಾಯಿ ತೆರೆದುಕೊಂಡು ಮಲಗಿಬಿಟ್ಟಿದ್ದಳು. ಎಬ್ಬಿಸೋಣ ಅಂದುಕೊಂಡೆ. ಆದರೆ ಅವಳ ಮುಖ ನೋಡಿದ ಮೇಲೆ ಕೈ ಬರಲಿಲ್ಲ. ಲಾರಿಯನ್ನು ದಾಟಲಿಲ್ಲ, ಅದರ ಹಿಂದೆಯೇ ಹೋದೆ. ತಿರುಗಿಸಲು ಜಾಗ ಸಿಕ್ಕಲ್ಲಿ ತಿರುಗಿಸಿ, ಬಂದ ದಾರಿಯಲ್ಲೇ ಮನೆಗೆ ಬಂದು ಇಂಜಿನ್ ಆರಿಸಿದೆ. ಆಗ ಕಣ್ಣು ಬಿಟ್ಟಳು.

"ಮನೆ ಬಂತಾ?"

"ಬಂತು. ನೀನು ಮಲಗ್ಬಿಟ್ಟಿದ್ದೆ."

"ಗಾಡಿ ಕುಲುಕಿದ್ರೆ ಎಚ್ಚರ ಆಗೋದು" ಅಂದು ಇಳಿದು ಒಳಗೆ ಹೋದಳು. ನನಗೆ ಸಿಕ್ಕ ಸರ್ಟಿಫಿಕೇಟು ಅಷ್ಟೇ.

ಲೈಸೆನ್ಸ್ ಬಂದ ಮೇಲೆ ಅಪ್ಪನನ್ನು ಆಸ್ಪತ್ರೆಗೆ ನಾನೇ ಕರೆದೊಯ್ದೆ. ಅಲ್ಲಿಂದ ಮುಂದೆ ಒಂದು ಸಲವೂ ತಪ್ಪಲಿಲ್ಲ. ಬಲಗಣ್ಣು ಉಳಿಯಿತು.

ಮ್ಯಾರಥಾನ್ ಮಾತ್ರ ಉಳಿಯಲಿಲ್ಲ. ಮೂವತ್ತು ಕಿಲೋಮೀಟರ್ ಆದ ಮೇಲೆ ಕಾಲು ಸೆಟೆದು ರಸ್ತೆ ಬದಿ ಕೂತುಬಿಟ್ಟಳಂತೆ. ಬಸ್ಸು ಹಿಡಿದು ಒಬ್ಬಳೇ ಮನೆಗೆ ಬಂದಳು. ಅವತ್ತು ಸಂಜೆ ಜಗಲಿಯ ಮೇಲೆ ಅವಳ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಾ, "ನಂಗೆ ಕಲಿಸೋಕೆ ಹೋಗಿ ನಿನ್ನ ಓಟ ಕೆಡ್ತು" ಅಂದೆ.

"ಗಂಡನ ಮನೆಯಿಂದ ಫೋನ್ ಮಾಡಿ 'ಅಣ್ಣಾ' ಅಂತ ಒಂದು ಮಾತು ಅಂದಿದ್ದೆ, ಅಷ್ಟೇ. ನಿಮ್ಮಪ್ಪ ಬಾಡಿಗೇಗೆ ಬಂದೋರನ್ನ ದಾರೀಲಿ ಬೇರೆ ಗಾಡಿ ಹತ್ತಿಸಿ ಬಂದ. ಯಾಕೆ ಅಂತ ಕೇಳ್ಲಿಲ್ಲ. ಬಾಗಿಲು ತೆಗ್ದು 'ಹತ್ತು' ಅಂದ. ಇವತ್ತಿಗೂ ಕೇಳಿಲ್ಲ. ಅಂಥೋನು ಊರೋರ ಮನೆ ಬಾಗಿಲಲ್ಲಿ ನಿಂತ್ಕೊಂಡ್ರೆ ನಂಗೆ ಓಡೋಕಾಗುತ್ತೇನೆ?" ಅಂದಳು. ಆಮೇಲೆ, "ಇನ್ನೂ ಮೇಲಕ್ಕೆ ತಿಕ್ಕು, ಅಲ್ಲೇ ಹಿಡ್ಕೊಂಡಿರೋದು."

ಮುಂದಿನ ವರ್ಷ ಓಡುತ್ತೀನಿ ಅನ್ನುತ್ತಿದ್ದಳು. ಆದರೆ ಆ ವರ್ಷ ಅವಳ ಸುಸ್ತು ಹೆಚ್ಚಾಗುತ್ತಾ ಹೋಯಿತು. ಕೆರೆ ಏರಿಯ ಅರ್ಧಕ್ಕೇ ವಾಪಸು ಬರುತ್ತಿದ್ದಳು. ಯಾವಾಗಲೂ ಸುಸ್ತಾಗಿರುವವಳ ಸುಸ್ತನ್ನು ಯಾರು ಗಮನಿಸುತ್ತಾರೆ? ಅವಳೂ ಗಮನಿಸಲಿಲ್ಲ. ಮೈಮೇಲೆ ನೀಲಿ ಕಲೆಗಳು ಎದ್ದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಕಾಯಿಲೆ ರಕ್ತದಲ್ಲೇ ಇತ್ತು. ಮಳೆಗಾಲ ಶುರುವಾದಾಗ ಆಸ್ಪತ್ರೆ ಸೇರಿದವಳು ದೀಪಾವಳಿ ಕಾಣಲಿಲ್ಲ. ಕೊನೆಕೊನೆಗೆ ನನ್ನ ಕೈ ಹಿಡಿದು, "ಸಾಕಾಗಿದೆ ಕಣೇ, ಮಲಗ್ತೀನಿ" ಅನ್ನುತ್ತಿದ್ದಳು.

ಹನ್ನೊಂದನೇ ದಿನ ಗೋದಾಮಿನಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸರು ಬಂದರು. ಊಟಕ್ಕೆ ಬಡಿಸುತ್ತಾ ಅಮ್ಮ, "ಆ ಎರಡನೇ ಶಿಫ್ಟೇ ಅವಳನ್ನ ತಿಂದಾಕಿದ್ದು. ಯಾವಾಗ್ಲೂ ಅದನ್ನೇ ಯಾಕೆ ಹಾಕ್ತಿದ್ರೋ" ಅಂತ ಕಣ್ಣೊರೆಸಿಕೊಂಡಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳು ಹೇಳಿದಳು: "ಯಾರೂ ಹಾಕಿದ್ದಲ್ಲಕ್ಕ. ಅವಳೇ ಸೂಪರ್‌ವೈಸರ್ ಹತ್ರ ಹೋಗಿ ಕೇಳಿ ಬದಲಾಯಿಸ್ಕೊಂಡಿದ್ದು. ಬೆಳಿಗ್ಗೆ ಹೊತ್ತು ಮಗಳಿಗೆ ಗಾಡಿ ಕಲಿಸ್ಬೇಕು ಅಂದಿದ್ಲು."

"ಅಣ್ಣನ ಮಗಳಿಗೆ ಅಂದಿರ್ತಾಳೆ" ಅಂದಳು ಅಮ್ಮ.

"ಇಲ್ಲಕ್ಕ, ಮಗಳಿಗೆ ಅಂತಲೇ. ಇಷ್ಟು ವರ್ಷ ನಾವು ಅವಳಿಗೊಬ್ಬಳು ಮಗಳಿದ್ದಾಳೆ ಅಂತಲೇ ತಿಳ್ಕೊಂಡಿದ್ವಿ."

ಸಾರಿನ ಪಾತ್ರೆ ಹಿಡಿದು ನಾನು ಅವರ ಹಿಂದೆಯೇ ನಿಂತಿದ್ದೆ.