ತಲೆಯ ಮೇಲಿಟ್ಟ ಕೈ

ಮೊನ್ನೆ ಈ ಪರದೇಶದಲ್ಲಿ, ಒನೆಹುಂಗಾ ಪೇಟೆಯ ಔಷಧಿ ಅಂಗಡಿಯಲ್ಲಿ ಯಾರೋ ನೀಲಗಿರಿ ಎಣ್ಣೆಯ ಸೀಸೆ ತೆರೆದು ಮೂಸಿ ನೋಡುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಂಕಲ್ ನೆನಪಾದರು. ಮೊಣಕಾಲಿಗೆ ಅದನ್ನೇ ತಿಕ್ಕಿಸಿಕೊಳ್ಳುತ್ತಿದ್ದರು...

ಹಿಲ್ಸ್‌ಬರೋದ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಧಾರವಾಡದ ಕಡೆಯ ಅಂಕಲ್ ಅಲ್ಲಿಗೆ ಬರುವಷ್ಟರಲ್ಲಿ ಮರೆವಿನ ಕಾಯಿಲೆ ಬಲಿತಿತ್ತು. ಇಂಗ್ಲಿಷ್ ಪೂರ್ತಿ ಹೋಗಿತ್ತು, ಕನ್ನಡ ಉಳಿದಿತ್ತು. ಕಾಲುಚೀಲ ಹಾಕಲೆಂದು ಯಾರೇ ಬಗ್ಗಲಿ, ಕಾಲಿಗೆ ಬಿದ್ದರೆಂದೇ ಅವರಿಗೆ ಅನಿಸುತ್ತಿತ್ತು. ತಲೆಯ ಮೇಲೆ ಕೈಯಿಟ್ಟು, "ಹೊಟ್ಟಿ ತಣ್ಣಗಿರಲಿ, ತಂಗಿ" ಅನ್ನುತ್ತಿದ್ದರು. ನೆಲ ಒರೆಸುವ ಸಮೋವಾದ ಹೆಂಗಸಿಗೂ ಅದೇ ಮಾತು. ನನ್ನ ಕೊರಳಿನ ಶಿಲುಬೆ ಅವರ ಮುಖದ ಮುಂದೆಯೇ ತೂಗಾಡುತ್ತಿತ್ತು, ನನಗೂ ಅದೇ ಮಾತು. ಮೈಸೂರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ನನ್ನ ತಲೆ ಮುಟ್ಟಿ ಹಾಗೆ ಅಂದವರೇ ಇರಲಿಲ್ಲ. ಬೆಳಗಿನ ಪಾಳಿಯಲ್ಲಿ ಮೊದಲು ಅವರ ಕೋಣೆಗೇ ಹೋಗುತ್ತಿದ್ದೆ.

ಅವರ ಮಗ ಪೆನ್‌ರೋಸ್‌ನ ಗೋದಾಮೊಂದರಲ್ಲಿ ಕೆಲಸಕ್ಕಿದ್ದ. ಒಂದು ಭಾನುವಾರ ಬಂದಾಗ ತನ್ನ ತಂಗಿಯ ವಿಷಯ ಹೇಳಿದ. ಅವಳಿರುವುದು ದೂರದ ಕ್ರೈಸ್ಟ್‌ಚರ್ಚ್‌ ಊರಿನಲ್ಲಿ. ಜೊತೆಗೆ ಓದಿದ ಕ್ರೈಸ್ತ ಹುಡುಗನನ್ನು ಮದುವೆಯಾಗಿ ಕಾಲಿಗೆ ಬೀಳಲು ಬಂದಾಗ ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡರಂತೆ. ಅಲ್ಲಿಂದ ಮಾತೇ ಇಲ್ಲ.

"ಅಪ್ಪ ಈಗ ಎಲ್ಲಾರಿಗೂ ಆಶೀರ್ವಾದ ಮಾಡ್ತಾನ, ಬಂದ್ ತಗೊಂಡ್ ಹೋಗು ಅಂತ ಅಕಿಗೆ ಹೇಳೇನ್ರಿ ಸಿಸ್ಟರ್" ಅಂದ.

ಅವಳು ಬಂದಳು. ಬಾಗಿಲಲ್ಲೇ ಬಹಳ ಹೊತ್ತು ನಿಂತಳು. ಕಾಲುಚೀಲವನ್ನು ನಾನು ಅವಳ ಕೈಗೇ ಕೊಟ್ಟೆ. ಮಂಡಿಯೂರಿ ಅಪ್ಪನ ಪಾದ ಹಿಡಿದಳು. ಅವರು ಎಳೆದುಕೊಳ್ಳಲಿಲ್ಲ. ಕೈ ಅವಳ ತಲೆಯ ಮೇಲೆ ಬಂತು.

"ಹೊಟ್ಟಿ ತಣ್ಣಗಿರಲಿ, ತಂಗಿ... ಯಾಕ ಅಳ್ತಿ? ಯಾರ ಮಗಳವ್ವಾ ನೀ?"

"ನಾನಪಾ... ನಿನ್ನ ಮಗಳು."

ಅಂಕಲ್ ನಕ್ಕುಬಿಟ್ಟರು. "ನೀ ಅಲ್ಲ ಬಿಡವ್ವಾ, ನೀ ಶಾಣ್ಯಾಕಿ. ನನ್ನ ಮಗಳು ಮನಿ ಬಿಟ್ಟು ಹೋದಾಕಿ. ಅಕಿಗೆ ಮಾತ್ರ ನನ್ನ ಆಶೀರ್ವಾದ ಇಲ್ಲ. ಸಾಯೂತನಕಾ ಇಲ್ಲ."

ಹಾಗೆ ಹೇಳುತ್ತಲೇ ಅವಳ ಕೂದಲು ನೇವರಿಸಿದರು.

ಹೆಂಡತಿ ಸತ್ತದ್ದು ಮರೆತಿತ್ತು, ತಾನಿರುವ ದೇಶ ಯಾವುದೆಂಬುದು ಮರೆತಿತ್ತು, ಆಗಷ್ಟೇ ತಿಂದ ತಿಂಡಿ ಕೂಡ... ಆ ಸಿಟ್ಟೊಂದು ಮಾತ್ರ ಉಳಿದುಕೊಂಡಿತ್ತು. ಅವಳು ಇನ್ನೊಂದು ಪಾದಕ್ಕೂ ಕಾಲುಚೀಲ ಹಾಕಿ, ಸುಕ್ಕು ಬಿಡಿಸಿ, ಎದ್ದು ಹೋದಳು.

ಆ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಅಣ್ಣ ಎಲ್ಲರೆದುರು ತಂಗಿಯ ಭುಜ ತಟ್ಟಿ, "ಕಡೀಕಾದ್ರೂ ಅಪ್ಪನ ಆಶೀರ್ವಾದ ಸಿಕ್ತಲ್ಲ ನಿನಗ" ಅಂದ. ಸುತ್ತ ನಿಂತ ಆಂಟಿಯರೆಲ್ಲ ಪುಣ್ಯವಂತೆ ಎಂದು ತಲೆದೂಗಿದರು. ಕೋಣೆಯಲ್ಲಿ ನಡೆದದ್ದನ್ನು ಕಂಡವಳು ನಾನೊಬ್ಬಳೇ. ಅವಳು ನನ್ನನ್ನೇ ನೋಡುತ್ತ, "ಹೂಂ, ಸಿಕ್ತು" ಅಂದಳು.

ಈಗ ಆ ಕೋಣೆಯಲ್ಲಿ ಈ ದೇಶದವರೇ ಆದ ಒಬ್ಬ ಕಿವೀ ಅಜ್ಜಿ ಇದ್ದಾರೆ. ಚಹಾ ಕೊಟ್ಟಾಗಲೆಲ್ಲ "ಬ್ಲೆಸ್ ಯು, ಡಿಯರ್" ಅನ್ನುತ್ತಾರೆ. ಥ್ಯಾಂಕ್ಸ್ ಅನ್ನುತ್ತೇನೆ. ಆದರೆ ಮೊದಲಿನ ಹಾಗೆ ಅಂಥ ಮಾತೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ದಿನವಿಡೀ ಹಗುರಾಗಿ ಓಡಾಡಲು ನನ್ನಿಂದ ಆಗುತ್ತಿಲ್ಲ. ಅಂಕಲ್ ಹೋದರು, ಹೋಗುವ ವಯಸ್ಸಾಗಿತ್ತು. ಅವರ ಜೊತೆ ಆಶೀರ್ವಾದದ ಮೇಲಿನ ನಂಬಿಕೆಯೂ ಹೋಯಿತಲ್ಲ ಎಂಬುದೇ ನನ್ನ ಸಂಕಟ.